ಖಾರದ ಗಿರಣಿಯ ಹಸೀನಾ

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಹೊಸಬರು ಯಾರೇ ಕಾಲಿಟ್ಟರೂ ಮೊದಲು ಸೀನುತ್ತಿದ್ದರು. ಹಸೀನಾ ಮತ್ತು ಅವಳ ಗಂಡ ಇನಾಯತನ ಖಾರ ಕುಟ್ಟುವ ಗಿರಣಿ ಇದ್ದದ್ದು ಅಲ್ಲೇ. ಎರಡು ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಎದ್ದು ಒರಳಿಗೆ ಬೀಳುವ ಸದ್ದು ಬೇಸಿಗೆಯಲ್ಲಂತೂ ಬೆಳಗಿನಿಂದ ಸಂಜೆಯ ತನಕ ನಿಲ್ಲುತ್ತಿರಲಿಲ್ಲ. ಹಸೀನಾ ಗಟ್ಟಿ ಹೆಣ್ಣುಮಗಳು. ಮೆಣಸಿನಕಾಯಿಯ ಚೀಲವನ್ನು ಯಾರ ನೆರವೂ ಇಲ್ಲದೆ ಹೆಗಲಿಗೇರಿಸುವಳು, ಬಾಯಿಯೂ ಅಷ್ಟೇ ಜೋರು. ಇನಾಯತ ಗಿರಾಕಿಗಳು ಬೈದರೂ ನಗುವ ಮನುಷ್ಯ. "ನೀ ಹಿಂಗ ನಕ್ಕೋತ ಕುಂತ್ರ ಮಂದಿ ನಿನ್ನ ತಲಿ ಮ್ಯಾಲ ಮೆಣಸ ಅರೀತಾರ ನೋಡ" ಎಂದು ಅವಳು ಗದರುತ್ತಿದ್ದಳು. ಅವನು ಅದಕ್ಕೂ ನಗುತ್ತಿದ್ದ.

ಉಳಿತಾಯದ ಖಾತೆ ಹಸೀನಾಳ ಹೆಸರಿನಲ್ಲಿತ್ತು. 2006ರಲ್ಲಿ ಬ್ಯಾಂಕಿನವರು ಅವಳಿಗೊಂದು ಎಟಿಎಂ ಕಾರ್ಡು ಕೊಟ್ಟರು. ಅದನ್ನು ಹೇಗೆ ಬಳಸಬೇಕೆಂದು ಗೊತ್ತಾಗದೆ ಆಕೆ ಟ್ರಂಕಿನಲ್ಲಿಟ್ಟಿದ್ದಾಗ ಆಶಿಕ ಬಂದ. ಇನಾಯತನ ಅಕ್ಕ ಮುನೀರಾಳ ಮಗ ಅವನು, ನರಗುಂದದ ಒಂದು ಬೈಕ್ ಅಂಗಡಿಯಲ್ಲಿ ಕೆಲಸಕ್ಕಿದ್ದ.

"ಕೊಡ್ರಿ ಮಾಮಿ, ನಾ ಕಲಸ್ತೀನಿ" ಎಂದು ಅವಳನ್ನು ಕರೆದೊಯ್ದು, ತಾನೇ ಗುಟ್ಟಿನ ನಂಬರು ಒತ್ತಿ, ರೊಕ್ಕ ತೆಗೆದು ತೋರಿಸಿದ. "ಈ ನಂಬರ ಯಾರಿಗೂ ಹೇಳಬ್ಯಾಡ್ರಿ ಮತ್ತ" ಎಂದೂ ಹೇಳಿದ. ಬ್ಯಾಂಕಿಗೆ ಝೆರಾಕ್ಸ್ ಕೊಡಬೇಕಂತೆ ಎಂದು ಕಾರ್ಡು, ಓಟಿನ ಚೀಟಿ, ಒಂದು ಫೋಟೊ ಇಸಿದುಕೊಂಡು ಹೋಗಿ ಸಂಜೆಗೆ ಮರಳಿಸಿದ. ಅಳಿಯ ಎಷ್ಟು ಕಾಳಜಿ ಮಾಡುತ್ತಾನೆಂದು ಹಸೀನಾ ಅವನ ಡಬ್ಬಿ ತುಂಬ ಖಾರ ಕಟ್ಟಿ ಕಳಿಸಿದಳು.

ಮರುವರ್ಷದ ಬೇಸಿಗೆ. ರಾಜೂರಿನ ಕರಿಯವ್ವ ಮತ್ತು ಬೇರೆ ಹೆಂಗಸರು ಮೆಣಸಿನಕಾಯಿ ಇಟ್ಟುಕೊಂಡು ಪಾಳಿ ಹಚ್ಚಿದ್ದರು. ಇಬ್ಬರು ಗಂಡಸರು ಬೈಕಿನಿಂದಿಳಿದು ನೇರ ಒಳಗೆ ನುಗ್ಗಿದರು.

"ಹಸೀನಾ ಅನ್ನಾಕಿ ಯಾರು?"

"ನಾನ. ಏನ್ ಕುಟ್ಟಸಬೇಕಿತ್ರಿ?"

"ಕುಟ್ಟಸಾಕ ಬಂದಿಲ್ಲ. ಗಾಡಿ ಕಂತು ವಸೂಲ್ ಮಾಡಾಕ ಬಂದೇವಿ."

"ಯಾವ ಗಾಡಿ? ನಮ್ಮನ್ಯಾಗ ಸೈಕಲ್ ಸುದ್ದಾ ಇಲ್ಲ."

ಅವರಲ್ಲಿ ದಪ್ಪನೆಯವನು, ಹನಮಪ್ಪ, ಪಾಳಿಯಲ್ಲಿದ್ದ ಹೆಂಗಸರೆಲ್ಲ ಕೇಳುವಂತೆ ಒಂದು ಹೊಲಸು ಬೈಗುಳ ಬೈದ. ಸಾಲ ತಿಂದು ಸುಳ್ಳಾಡುವವರ ಮೋಟಾರನ್ನೇ ಕಿತ್ತುಕೊಂಡು ಹೋಗುತ್ತೇನೆಂದು ಓಡುತ್ತಿದ್ದ ಯಂತ್ರದತ್ತ ನಡೆದ. ಇನಾಯತ ಕೈಮುಗಿದು ಅಡ್ಡ ಬಂದ.

"ಏನೋ ತಪ್ಪ ತಿಳಕೊಂಡೀರಿ ಸಾಹೇಬ್ರ. ಕುಂಡ್ರಿ, ಚಾ ಕುಡೀರಿ, ಮಾತಾಡೂಣು."

ಇನ್ನೊಬ್ಬ ಅವನ ಕೆನ್ನೆಗೆ ಬಿಗಿದ. ಆಮೇಲೆ ಅಂಗಿ ಹಿಡಿದು ಜಾಡಿಸಿ ನೂಕಿದ. ಇನಾಯತ ಯಂತ್ರದ ಮೇಲೆ ಬಿದ್ದ. ಆಸರೆಗೆಂದು ಚಾಚಿದ ಬಲಗೈ ಒರಳಿನೊಳಗೆ ಹೋಯಿತು.

ಒನಕೆ ಬಿದ್ದ ಸದ್ದು ಬೇರೆಯಾಗಿತ್ತು. ಅದು ಹಸೀನಾಳ ಕಿವಿಗೆ ಮೊದಲು ತಿಳಿಯಿತು. ಅವಳು ಹಾರಿ ಹೋಗಿ ಸ್ವಿಚ್ಚು ಆರಿಸುವಷ್ಟರಲ್ಲಿ ಒನಕೆ ಮತ್ತೆ ಬಿದ್ದಿತ್ತು. ಇನಾಯತ ಕೈ ಹೊರಗೆಳೆದುಕೊಂಡಾಗ ಅಲ್ಲಿ ಬೆರಳುಗಳಿರಲಿಲ್ಲ. ಮಾಂಸ, ಎಲುಬು, ಖಾರ ಒಂದೇ ಮುದ್ದೆಯಾಗಿ ತೂಗಾಡುತ್ತಿತ್ತು. ಗಾಯದ ತುಂಬ ಖಾರ ಮೆತ್ತಿಕೊಂಡಿತ್ತು. ಜೀವಮಾನವಿಡೀ ಎತ್ತರದ ದನಿಯಲ್ಲಿ ಮಾತಾಡದ ಮನುಷ್ಯ ಕೊಯ್ಯುವ ಕುರಿಯಂತೆ ಒರಲಿದ.

ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ಹಸೀನಾಳ ಕೈಗೆ ಹೇಗೆ ಬಂತೋ. ಬೀಸಿದ್ದು ಹನಮಪ್ಪನ ಮೊಳಕಾಲಿಗೆ ಬಿತ್ತು. ಒಣಕಟ್ಟಿಗೆ ಮುರಿದಂತೆ ಲಟಕ್ಕೆಂದಿತು, ಅವನು ಕುಸಿದ. ಇನಾಯತನನ್ನು ನೂಕಿದವನು ಬಾಗಿಲಿಗೆ ಓಡಿದಾಗ ಕರಿಯವ್ವ ಬೊಗಸೆ ತುಂಬ ಖಾರ ಅವನ ಮುಖಕ್ಕೆ ಎರಚಿದಳು. ಅವನು ಕಣ್ಣು ಹಿಚುಕಿಕೊಳ್ಳುತ್ತ, ಗೋಡೆಗೆ ಹಾಯುತ್ತ, ಹೇಗೋ ಪಾರಾದ. ಓಣಿಯವರು ಇನಾಯತನನ್ನು ಟಂಟಂ ರಿಕ್ಷಾಕ್ಕೆ ಹತ್ತಿಸುತ್ತಿದ್ದಾಗ ಹಸೀನಾ ಹನಮಪ್ಪನ ಎದೆಯ ಮೇಲೆ ಕಾಲಿಟ್ಟು ನಿಂತಿದ್ದಳು.

"ಯಾವ ಗಾಡಿ? ಯಾರ ತಗೊಂಡ್ರು? ಹೇಳ, ಇಲ್ಲಾಂದ್ರ ಇನ್ನೊಂದ ಮೊಳಕಾಲೂ ಮುರೀತೀನಿ."

"ಹೊಡೀಬ್ಯಾಡ್ರಿ ಯವ್ವಾ! ನರಗುಂದದಾಗಿಂದ ಗಾಡಿ ಹೋಗೇತಿ. ನಿಮ್ಮ ಕಾರ್ಡಿನ ನಂಬರ, ಫೋಟೊ ಎಲ್ಲಾ ತಂದಕೊಟ್ಟಾಂವ ಆಶಿಕ. ನಮ್ಮ ಮಾಮಿ ಹೆಸರಿಲೆ ಸಾಲ ಮಾಡ್ರಿ, ಅಕಿನ ಕಳಿಸ್ಯಾಳ ಅಂದನಂತ. ಖಾತೇದಾಗ ರೊಕ್ಕ ಇರೂತನಾ ಕಂತು ಅಲ್ಲಿಂದನ ಮುರಕೊಂಡಾರ. ಈಗ ಖಾತೆ ಖಾಲಿ ಆಗೇತಿ."

ಹಸೀನಾ ಕಾಲು ತೆಗೆದಳು.

ಗದಗಿನ ದವಾಖಾನೆಯಲ್ಲಿ ಡಾಕ್ಟರು ಇನಾಯತನ ಅಂಗೈಯ ಅರ್ಧದವರೆಗೆ ಕತ್ತರಿಸಿದರು. ಮರುದಿನ ಬೆಳಿಗ್ಗೆ ಮುನೀರಾ ಓಡಿಬಂದು ತಮ್ಮನ ಕಾಲು ಹಿಡಿದು ಅತ್ತಳು. "ಯಾವ ಹಾದರಕ್ಕ ಹುಟ್ಟಿದಾಂವ ಇದನ್ನ ಮಾಡ್ಯಾನೋ, ಅವನ ಮನಿ ಹಾಳಾಗ್ಲಿ" ಎಂದಳು. ಹಸೀನಾ ಚಾ ತರುತ್ತೇನೆಂದು ಹೊರಗೆ ಬಂದು ನರಗುಂದದ ಬಸ್ಸು ಹತ್ತಿದಳು. ಸೀರೆಯ ಮೇಲೆ ಗಂಡನ ರಕ್ತ ಒಣಗಿ ಬಿರುಸಾಗಿತ್ತು. ಪಕ್ಕದಲ್ಲಿ ಯಾರೂ ಕೂಡಲಿಲ್ಲ.

ಆಶಿಕ ಅಂಗಡಿಯ ಮುಂದೆ ಕರೀ ಬೈಕೊಂದನ್ನು ಒರೆಸುತ್ತಿದ್ದ. ಅವಳನ್ನು ಕಂಡು ನಕ್ಕ.

"ಏನ್ ಮಾಮಿ, ಇಲ್ಲಿ?"

"ಈ ಗಾಡಿ ಯಾರದು?"

ನಗು ಹೋಯಿತು. "ಮಾಮಿ, ನಾ ಎಲ್ಲಾ ತುಂಬಾಂವ ಇದ್ದೆ. ಸ್ವಲ್ಪ ತಡಾ ಆತು ಅಷ್ಟ."

"ನಿಮ್ಮ ಮಾಮಾನ ಕೈ ಹೋತು. ಒನಕಿಗೆ ಸಿಕ್ಕು ಹೋತು."

ಆಶಿಕ ಬಿಳಿಚಿಕೊಂಡ. ಆದರೂ ಅವನ ಬಾಯಿಂದ ಬಂದ ಮಾತು ಇದು: "ನಾ ಏನ್ ಅವರಿಗೆ ಕೈ ಮುರೀರಿ ಅಂದಿದ್ನೇನು?"

ಹಸೀನಾ ಅವನ ಕೂದಲು ಹಿಡಿದು ಮುಖವನ್ನು ಬೈಕಿನ ಟ್ಯಾಂಕಿಗೆ ಅಪ್ಪಳಿಸಿದಳು. ಮೂಗು ಒಡೆಯಿತು. ಅವನು ಅವಳ ಹೊಟ್ಟೆಗೆ ಒದ್ದು, ಹೆಲ್ಮೆಟ್ಟು ತೆಗೆದುಕೊಂಡು ಬಾಯಿಗೆ ಬೀಸಿದ. ಅವಳ ಮುಂದಿನ ಹಲ್ಲು ಮುರಿಯಿತು. ಅವಳು ಕೂದಲು ಬಿಡಲಿಲ್ಲ. ಇಬ್ಬರೂ ನೆಲಕ್ಕೆ ಬಿದ್ದರು, ಬೈಕು ಅವರ ಪಕ್ಕದಲ್ಲೇ ಉರುಳಿತು. ಚೀಲ ಹೊತ್ತು ಗಟ್ಟಿಯಾದ ತೋಳುಗಳು ಅವಳವು. ಅವನ ಎದೆಯ ಮೇಲೆ ಕೂತು ಎರಡೂ ಕೈಗಳಿಂದ ಗಂಟಲು ಅಮುಕಿದಳು. ಅವನ ಹಿಮ್ಮಡಿಗಳು ಮಣ್ಣು ಕೆರೆದವು, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಸುತ್ತ ಮಂದಿ ಸೇರಿದ್ದರು. ಅವಳ ಮುಖ ನೋಡಿ ಯಾರೂ ಹತ್ತಿರ ಬರಲಿಲ್ಲ.

ಇನ್ನೊಂದು ಗಳಿಗೆಯಾಗಿದ್ದರೆ ಮುಗಿಯುತ್ತಿತ್ತು. ಅವಳು ಕೈ ಸಡಿಲಿಸಿದಳು. ಅವನು ಕೆಮ್ಮಿ ಉಸಿರೆಳೆದುಕೊಂಡ ಮೇಲೆ ಕೊರಳಪಟ್ಟಿ ಹಿಡಿದು ಠಾಣೆಗೆ ಎಳೆದುಕೊಂಡು ಹೋದಳು.

ಅಲ್ಲಿದ್ದ ಜಮಾದಾರ ಇಬ್ಬರನ್ನೂ ನೋಡಿ ಬೇಸರಪಟ್ಟುಕೊಂಡ. "ಮನಿ ಜಗಳಾ ಮನ್ಯಾಗ ಬಗಿಹರಿಸ್ಕೋರಿ."

ಹಸೀನಾ ಬಾಯಲ್ಲಿದ್ದ ರಕ್ತವನ್ನೂ ಮುರಿದ ಹಲ್ಲನ್ನೂ ಅವನ ಟೇಬಲ್ಲಿನ ಮೇಲೆ ಉಗುಳಿದಳು. "ನನ್ನ ಹೆಸರಿಲೆ ಇಂವ ಸಾಲ ಎತ್ಯಾನ್ರಿ. ಅದಕ್ಕ ನನ್ನ ಗಂಡ ಕೈ ಕಳಕೊಂಡಾನ. ಬರ್ಕೋರಿ. ನೀವು ಬರಕೊಳ್ಳುತನಾ ನಾ ಇಲ್ಲಿಂದ ಏಳೂದಿಲ್ಲ."

ಗಂಟಲು ಊದಿದ್ದ ಆಶಿಕ ನೀರು ಕೇಳಿದ. ಕುಡಿದು, ಅಳುತ್ತ, ಎಲ್ಲವನ್ನೂ ಒಪ್ಪಿಕೊಂಡ.

ಕೈ ಹೋದ ಪ್ರಕರಣ ರೋಣದ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಹನಮಪ್ಪನಿಗೂ ಆಮೇಲೆ ಸಿಕ್ಕಿಬಿದ್ದ ಅವನ ಜೊತೆಗಾರನಿಗೂ ಜೈಲಾಯಿತು. ಸಾಲದ ಮೋಸಕ್ಕೆ ಆಶಿಕನೂ ಒಳಗೆ ಹೋದ. ಕಾಲು ಮುರಿದದ್ದಕ್ಕೆ ಹಸೀನಾಳಿಗೆ ದಂಡ ಬಿತ್ತು. ಸುಮ್ಮನೆ ಕಟ್ಟಿ ಬಂದಳು. ಸಾಲ ಕೊಟ್ಟ ಕಂಪನಿ ಬೈಕು ಒಯ್ದು, ಈ ಸಾಲ ನಿನ್ನದಲ್ಲ ಎಂದು ಹೇಳಿತು. ಖಾತೆಯಿಂದ ಹೋದದ್ದು ತಿರುಗಿ ಬರಲಿಲ್ಲ.

ಇದಕ್ಕೆಲ್ಲ ಮೊದಲು, ಪೊಲೀಸರು ಆಶಿಕನನ್ನು ಹಿಡಿದಿಟ್ಟ ವಾರವೇ, ಮುನೀರಾ ಗಿರಣಿಯ ಮುಂದೆ ನಿಂತು ಎದೆ ಬಡಿದುಕೊಂಡಳು. "ನನ್ನ ಕೂಸಿನ ಕೊಳ್ಳ ಹಿಚುಕಿದಿ! ನಿನ್ನ ಕೈಗೆ ಹುಳಾ ಬೀಳ್ಲಿ!"

"ಹುಳಾ ಬಿದ್ರ ಬೀಳ್ಲಿ ಆಪಾ. ಮೊದಲ ನಿನ್ನ ತಮ್ಮನ ಕೈ ನೋಡ ಬಾ."

ಇನಾಯತ ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಮೊಂಡುಗೈ ತೋರಿಸಿದ. ಮುನೀರಾ ನೋಡಿದಳು. ಅಲ್ಲೇ ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಬಹಳ ಹೊತ್ತಿನ ಮೇಲೆ ಎದ್ದು ಹೋದಳು.

ಅಂದು ಇನಾಯತ ಹೆಂಡತಿಯನ್ನು ಕೇಳಿದ: "ಅವನ್ನ ಯಾಕ ಬಿಟ್ಟಿ ಹಸೀನಾ? ನಮ್ಮ ಕೂಸು ಅಂತ ಕರುಣಾ ಬಂತೇನು?"

"ಇಲ್ಲ. ಅಂವ ಸತ್ತಿದ್ರ ಖರೇ ಹೇಳಾವ್ರ ಯಾರಿದ್ರು?"

ಇನಾಯತ ಅವಳ ಮುಖವನ್ನೇ ನೋಡುತ್ತ ಕೂತ. ನಗಲಿಲ್ಲ. ಹೊರಗೆ ಯಾರೋ ಮೆಣಸಿನಕಾಯಿಯ ಚೀಲ ಇಳಿಸಿ ಕೂಗಿದರು. ಅವಳು ಎದ್ದು ಹೋಗಿ ಮೋಟಾರು ಹಚ್ಚಿದಳು.