ಕರಡಿಯಮ್ಮನ ಒಂದು ಗಂಟೆ

ಪುಸ್ತಕ ಅಚ್ಚಾಗುವ ಮೊದಲು ಅದರ ಕರಡು ಓದಿ ತಪ್ಪು ತಿದ್ದುವುದು ಆಕೆಯ ಕೆಲಸ. ಹತ್ತಿರ ಬಂದವರನ್ನು ಪರಚಿ ಕಳಿಸುವುದು ಸ್ವಭಾವ. ಎರಡನ್ನೂ ಸೇರಿಸಿ ಪ್ರೆಸ್ಸಿನಲ್ಲಿ ನಾವು ಆಕೆಗೆ ಇಟ್ಟ ಹೆಸರು ಕರಡಿಯಮ್ಮ. ಅದು ಆಕೆಗೂ ಗೊತ್ತಿತ್ತು. ಒಂದು ಸಲ ಯಾರೋ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ಕರಡಿಯಮ' ಎಂದು ಗೀಚಿದ್ದರು. ಆಕೆ ಎದ್ದು ಹೋಗಿ, ಬಿಟ್ಟುಹೋಗಿದ್ದ ಒತ್ತಕ್ಷರ ಸೇರಿಸಿ, ಕೈಯ ಸುಣ್ಣ ಒರೆಸಿಕೊಂಡು ಬಂದು ಕೂತಳು.

ಅಲ್ಲಿ ನಾನು ಮೂವತ್ತು ವರ್ಷ ಅಕ್ಷರ ಜೋಡಿಸಿದೆ, ಮೊದಲು ಸೀಸದ ಮೊಳೆ, ಆಮೇಲೆ ಕಂಪ್ಯೂಟರ್. ನಾನು ಕಳಿಸಿದ ಹಾಳೆ ಆಕೆಯ ಮೇಜಿನಿಂದ ವಾಪಸು ಬರುವಾಗ ಕೋಳಿ ಕೊಯ್ದ ಹಲಗೆಯ ಹಾಗೆ ಕೆಂಪಾಗಿರುತ್ತಿತ್ತು. "ಮಹಾಪ್ರಾಣ ಬರೆಯೋದು ನಿನಗೇನು ಪ್ರಾಣ ಹೋಗೋ ಕಷ್ಟವಾ?" ಎಂದು ಎಲ್ಲರ ಮುಂದೆ ಕೇಳುತ್ತಿದ್ದಳು. ಹೆಸರಾಂತ ಸಾಹಿತಿಗಳನ್ನೂ ಬಿಡುತ್ತಿರಲಿಲ್ಲ. ಮದುವೆಯಾಗಲಿಲ್ಲ. ತಂಗಿಯ ಮಗಳು ಒಮ್ಮೆ ಧೈರ್ಯ ಮಾಡಿ ಕಾರಣ ಕೇಳಿದಾಗ, "ಒಬ್ಬ ಕಾಗದ ಬರೆದಿದ್ದ. ಪ್ರೀತಿಗೆ ದೀರ್ಘ ಕೊಟ್ಟಿರಲಿಲ್ಲ" ಎಂದಳಂತೆ.

ನಿವೃತ್ತಿಯಾಗಿ ಒಂಬತ್ತು ವರ್ಷಕ್ಕೆ, ಅರವತ್ತೇಳರಲ್ಲಿ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಕೋಲು ಹಿಡಿದು ಕೋಣೆಯೊಳಗೆ ಓಡಾಡುವಷ್ಟಾದಳು. ಆದರೆ ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ಕೆಳಗಿನ ಬೀದಿಗೂ ಆಕೆಗೂ ನಡುವೆ ಮೂವತ್ತೆಂಟು ಮೆಟ್ಟಿಲು ನಿಂತವು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುತ್ತಿದ್ದ ತಂಗಿಯ ಮಗಳು ಭಾನುವಾರ ಮಾತ್ರ ಬರಬಲ್ಲವಳು. ಮಿಕ್ಕ ದಿನ ತರಕಾರಿ ಯಾರು ತರುವುದು, ಔಷಧಿ ಯಾರು ತರುವುದು ಎಂದು ಆ ಹುಡುಗಿ ಒದ್ದಾಡುತ್ತಿರುವಾಗಲೇ ನಮ್ಮ ಬೀದಿಯಲ್ಲಿ ಸಮಯ ಬ್ಯಾಂಕು ಶುರುವಾಯಿತು.

ಶುರು ಮಾಡಿದವರು ವಿಮಾ ಕಚೇರಿಯಿಂದ ನಿವೃತ್ತರಾದ ಒಬ್ಬರು. ನಿವೃತ್ತಿಯ ಮರುದಿನವೇ ಯಾವುದಕ್ಕಾದರೂ ಕಾರ್ಯದರ್ಶಿಯಾಗದಿದ್ದರೆ ಅನ್ನ ಇಳಿಯದ ಜಾತಿಯವರು. ಯೋಜನೆ ಸರಳವಾಗಿತ್ತು. ನೀವು ಯಾರಿಗಾದರೂ ಒಂದು ಗಂಟೆ ಕೆಲಸ ಮಾಡಿಕೊಟ್ಟರೆ ನಿಮ್ಮ ಹೆಸರಿಗೆ ಒಂದು ಗಂಟೆ ಜಮಾ. ಅದನ್ನು ಕೊಟ್ಟು ಬೇರೊಬ್ಬರಿಂದ ಒಂದು ಗಂಟೆ ಕೆಲಸ ಮಾಡಿಸಿಕೊಳ್ಳಬಹುದು. ಹಿರಿಯರಿಗೆ ಮೊದಲ ಕೆಲವು ಗಂಟೆ ಸಾಲ. ಡಾಕ್ಟರ ಗಂಟೆಯೂ ಒಂದೇ, ಕಸ ಗುಡಿಸುವವರ ಗಂಟೆಯೂ ಒಂದೇ. ತಂಗಿಯ ಮಗಳು ದೊಡ್ಡಮ್ಮನ ಹೆಸರು ಬರೆಸಿ, ಬ್ಯಾಂಕಿನ ಕರಪತ್ರವನ್ನು ತಂದು ಕೊಟ್ಟಳು.

ಕರಪತ್ರದ ನೆತ್ತಿಯ ಮೇಲೆ 'ನೆರೆಹೊರೆ ಸಮಯ ಬ್ಯಾಂಕು' ಎಂದಿರಬೇಕಾದ ಕಡೆ 'ನರೆಹೊರೆ ಸಮಯ ಬ್ಯಾಂಕು' ಎಂದಿತ್ತು. ಕೆಳಗೆ 'ಹಿರಿಯರಿಗೆ ನೆರವು' ಎನ್ನುವುದು 'ಇರಿಯರಿಗೆ ನರವು' ಆಗಿತ್ತು. ಕರಡಿಯಮ್ಮ ಕೆಂಪು ಪೆನ್ನು ಹುಡುಕಿ, ಒಂದು ಪುಟದಲ್ಲಿ ಹದಿನೇಳು ಕಡೆ ತಿದ್ದಿ, ಅದೇ ಹುಡುಗಿಯ ಕೈಯಲ್ಲಿ ಹಿಂದಕ್ಕೆ ಕಳಿಸಿದಳು.

ಮರುದಿನ ಕಾರ್ಯದರ್ಶಿಗಳು ಏದುಸಿರು ಬಿಡುತ್ತ ಮೂವತ್ತೆಂಟು ಮೆಟ್ಟಿಲು ಹತ್ತಿ ಬಂದರು. ನಾನು ಆಗ ಅಲ್ಲೇ ಇದ್ದೆ.

"ಮೇಡಂ, ಭಾವನೆ ಮುಖ್ಯ, ಕಾಗುಣಿತ ಅಲ್ಲ."

"ಭಾವನೆ ಅಂದ್ರಾ? ನರೆ ಅಂದ್ರೆ ಬಿಳಿ ಕೂದಲು. ನರೆಹೊರೆ ಅಂದ್ರೆ ಬಿಳಿ ಕೂದಲಿನ ಹೊರೆ. ಅದು ನಿಮ್ಮ ಭಾವನೆ ಅಂತ ನನಗೆ ಮೊದಲೇ ಅನುಮಾನ ಇತ್ತು."

ಅವರು ನಕ್ಕಂತೆ ಮಾಡಿದರು. ಬ್ಯಾಂಕಿಗೆ ಏನು ಕೊಡುತ್ತೀರಿ ಎಂದು ಕೇಳಿದರು. ಓದು ಬರಹ ಕಲಿಸುತ್ತೇನೆ, ಬರೆದದ್ದನ್ನು ತಿದ್ದಿಕೊಡುತ್ತೇನೆ ಎಂದಳು. ಪಟ್ಟಿಯಲ್ಲಿ ಅಂಥ ಕಲೆಯೇ ಇಲ್ಲ, ಈಗ ಎಲ್ಲಾ ಫೋನೇ ತಿದ್ದುತ್ತದೆ ಎಂದು ಅವರು ಹೇಳಿದರು. ಮೆಟ್ಟಿಲು ಇಳಿಯಲಾಗದವಳು ಎಂದು ನೋಡಿ, 'ಒಂಟಿ ಹಿರಿಯರಿಗೆ ಫೋನಿನಲ್ಲಿ ಸಾಂತ್ವನ' ಎಂಬ ಸಾಲಿನ ಮುಂದೆ ಆಕೆಯ ಹೆಸರು ಬರೆದುಕೊಂಡು ಇಳಿದುಹೋದರು. ಊರಲ್ಲಿ ಇನ್ನಾರೂ ಸಿಕ್ಕಲಿಲ್ಲವೇನೋ, ಹೋಗಿ ಹೋಗಿ ಕರಡಿಯ ಕೈಗೆ ಗಾಯಕ್ಕೆ ಹಚ್ಚುವ ಎಣ್ಣೆ ಕೊಟ್ಟರು.

ಸಾಂತ್ವನದ ಕೆಲಸ ಒಂದೇ ಕರೆಗೆ ಮುಗಿಯಿತು. ಯಾರೋ ನಿವೃತ್ತ ಅಧಿಕಾರಿ. ಹಳೆಯ ಗೆಳೆಯರು ಒಬ್ಬರೂ ಫೋನು ಮಾಡುವುದಿಲ್ಲ ಎಂದು ಅತ್ತರು. ಕರಡಿಯಮ್ಮ ಪೂರ್ತಿ ಕೇಳಿಸಿಕೊಂಡು, "ಹತ್ತು ನಿಮಿಷದಿಂದ ನಿಮ್ಮ ಮಾತು ಕೇಳ್ತಿದೀನಿ. ನಾನಾಗಿದ್ರೂ ಮಾಡ್ತಿರ್ಲಿಲ್ಲ" ಎಂದಳು. ದೂರು ಹೋಯಿತು.

ಆಕೆಗೆ ಬಂದ ಸೇವೆಯೂ ಅಷ್ಟರಲ್ಲೇ ಇತ್ತು. ತರಕಾರಿ ತಂದುಕೊಡಿ ಎಂದರೆ ಒಬ್ಬಾಕೆ ಬರಿಗೈಯಲ್ಲಿ ಬಂದು, ತನ್ನ ಸೊಸೆ ಮಾಡಿದ ಅನ್ಯಾಯಗಳನ್ನು ಒಂದು ಗಂಟೆ ಹೇಳಿ, ಅದನ್ನು 'ಒಡನಾಟ' ಎಂದು ಬರೆಸಿಕೊಂಡು ಹೋದಳು. ಇನ್ನೊಬ್ಬರು ಉಸಿರಾಟ ಕಲಿಸಲು ಬಂದರು. "ಅರವತ್ತೇಳು ವರ್ಷದಿಂದ ಬಿಡದೆ ಉಸಿರಾಡ್ತಿದೀನಿ. ನೀವು ತರಕಾರಿ ತರ್ತೀರಾ?" ಎಂದು ಕೇಳಿದಳು. ತರಕಾರಿ ತಮ್ಮ ಕ್ಷೇತ್ರವಲ್ಲ ಎಂದರು. ಕೊನೆಗೆ ತರಕಾರಿ ತಂದವನು ನಾನೇ, ಅದೂ ಬ್ಯಾಂಕಿನ ಹಂಗಿಲ್ಲದೆ. ಬದನೆಕಾಯಿ ಆರಿಸಲೂ ಬರುವುದಿಲ್ಲ ಎಂದು ಬೈಸಿಕೊಂಡೆ.

ಬ್ಯಾಂಕಿನಿಂದ ಬಂದು ನಿಜವಾದ ಕೆಲಸ ಮಾಡಿದವನು ಒಬ್ಬ ಪ್ಲಂಬರ್. ನಲವತ್ತರ ಆಸುಪಾಸು, ಮಾತು ಕಡಿಮೆ. ಬಚ್ಚಲ ನಲ್ಲಿ ಸೋರುತ್ತಿತ್ತು. ಬಿಚ್ಚಿದ, ವಾಷರ್ ಬದಲಿಸಿದ, ನೆಲ ಒರೆಸಿದ. ಹೋಗುವಾಗ ಬಾಗಿಲಲ್ಲಿ ನಿಂತು ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಅಮ್ಮಾ, ನೀವು ಅಕ್ಷರ ಕಲಿಸ್ತೀರಂತೆ."

"ಯಾರಿಗೆ? ನಿನ್ನ ಮಕ್ಕಳಿಗಾ?"

"ಅವರಿಗೆ ಬರುತ್ತೆ. ನನಗೆ."

ನೀರು ಸರಬರಾಜು ಕಚೇರಿಯ ಲೈಸೆನ್ಸ್ ಇದ್ದರೆ ದೊಡ್ಡ ಕಟ್ಟಡಗಳ ಕೆಲಸ ಸಿಗುತ್ತದಂತೆ. ಅದಕ್ಕೆ ಬರೆಯುವ ಪರೀಕ್ಷೆ. ಎರಡನೇ ತರಗತಿಗೇ ಶಾಲೆ ಬಿಟ್ಟವನು, ಎರಡು ಸಲ ಹೋಗಿ ಖಾಲಿ ಹಾಳೆ ಕೊಟ್ಟು ಬಂದಿದ್ದ. ಬ್ಯಾಂಕಿನಲ್ಲಿ ಬೇಕಾದಷ್ಟು ಗಂಟೆ ದುಡಿದಿದ್ದೇನೆ, ಓದು ಕಲಿಸುವವರನ್ನು ಕೊಡಿ ಎಂದು ಕಾರ್ಯದರ್ಶಿಗಳನ್ನು ಕೇಳಿದ್ದಕ್ಕೆ, "ಈ ವಯಸ್ಸಲ್ಲಾ?" ಎಂದು ಬೆನ್ನು ತಟ್ಟಿ ನಗೆಕೂಟಕ್ಕೆ ಹೆಸರು ಬರೆದುಕೊಂಡರಂತೆ. ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ಹತ್ತು ಜನರ ಜೊತೆ ನಿಂತು ಹಹ್ಹಹ್ಹಾ ಎನ್ನುವುದು. ಒಂದು ದಿನ ಹೋಗಿ ಬಿಟ್ಟ.

ಕರಡಿಯಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾಳೆ ಏಳೂವರೆಗೆ ಬಾ. ಪೈಪು ಹಿಡಿದಂಗೆ ಪೆನ್ಸಿಲ್ ಹಿಡಿದ್ರೆ ಓಡಿಸ್ತೀನಿ."

ಅವನು ಪೈಪು ಹಿಡಿದಂತೆಯೇ ಹಿಡಿದ. ಆಕೆ ಓಡಿಸಲಿಲ್ಲ, ಬೈದಳು. ಎಂಟು ತಿಂಗಳು, ವಾರಕ್ಕೆ ನಾಲ್ಕು ಬೆಳಿಗ್ಗೆ ಬೈದಳು. 'ಘ' ಬರೆದರೆ ತೂತು ಬಿದ್ದ ಬಕೆಟ್ಟು ಎಂದಳು, ಒತ್ತಕ್ಷರ ಬಿಟ್ಟರೆ ಕಾಲಿಲ್ಲದ ಕುರ್ಚಿ ಎಂದಳು. ಅವನು ಎದುರಾಡದೆ ಅಳಿಸಿ ಮತ್ತೆ ಬರೆಯುತ್ತಿದ್ದ. ಇಷ್ಟೊಂದು ಬೈಗುಳ ಹೇಗೆ ತಡೆದುಕೊಳ್ಳುತ್ತೀಯ ಎಂದು ನಾನು ಮೆಟ್ಟಿಲ ಬಳಿ ಕೇಳಿದ್ದೆ. "ಬೇರೆಯೋರು ನಗ್ತಾರೆ ಸಾರ್. ಇವರು ತಿದ್ತಾರೆ" ಎಂದ.

ಈ ಪಾಠದ ಒಂದು ಗಂಟೆಯೂ ಬ್ಯಾಂಕಿನ ಪುಸ್ತಕಕ್ಕೆ ಏರಲಿಲ್ಲ. ಪಟ್ಟಿಯಲ್ಲಿ ಅಂಥ ಕಲೆ ಇರಲಿಲ್ಲವಲ್ಲ.

ವರ್ಷ ತುಂಬಿದಾಗ ಬೀದಿಯ ಕೊನೆಯ ಸಭಾಂಗಣದಲ್ಲಿ ವಾರ್ಷಿಕ ಸಭೆ ಕರೆದರು. ತಾನೂ ಬರಬೇಕೆಂದು ಕರಡಿಯಮ್ಮ ಹಟ ಹಿಡಿದಳು. ಜನ ಒಟ್ಟಾಗಿ ಎಷ್ಟು ಮೂರ್ಖರಾಗಬಲ್ಲರು ಎಂದು ಬಹಳ ದಿನದಿಂದ ನೋಡಿಲ್ಲ ಎಂದಳು. ಪ್ಲಂಬರೂ ನಾನೂ ಕುರ್ಚಿಯ ಸಮೇತ ಎತ್ತಿ ಇಳಿಸಿದೆವು. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಿ ಛೀ ಎನ್ನುತ್ತಿದ್ದಳು.

ಸಭೆಯಲ್ಲಿ ಕಾರ್ಯದರ್ಶಿಗಳು ಪ್ರೀತಿ, ಸಮಾನತೆ, ಒಂದೇ ಕುಟುಂಬ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಯಾರು ಎಷ್ಟು ಗಂಟೆ ಕೊಟ್ಟರು, ಎಷ್ಟು ಪಡೆದರು ಎಂಬ ವರದಿಯನ್ನು ಗೋಡೆಗೆ ಅಂಟಿಸಿದ್ದರು. ಅದನ್ನು ಯಾರೂ ಓದುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಪ್ಲಂಬರ್ ಮಾತ್ರ ಅದರ ಮುಂದೆ ನಿಂತು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದ. ಹೊಸದಾಗಿ ಓದು ಬಂದವರಿಗೆ ಬಾಯಿ ಮುಚ್ಚಿ ಓದಲು ಬರುವುದಿಲ್ಲ. ಭಾಷಣ ಮುಗಿದು ಚಪ್ಪಾಳೆ ನಿಂತ ಕ್ಷಣದಲ್ಲಿ ಅವನ ದನಿ ಇಡೀ ಸಭೆಗೆ ಕೇಳಿಸಿತು.

"ಕಾ-ಯ-ದಶಿ. ಮಾಗ-ದಶನ. ನೂರ ನಲವತ್ತು ಗಂಟೆ."

ಕರಡಿಯಮ್ಮ ಕೋಲು ಕುಟ್ಟಿದಳು. "ಅರ್ಕಾವತ್ತು ನುಂಗಬೇಡ. ಇನ್ನೊಂದ್ಸಲ ಓದು."

ಅವನು ಗಟ್ಟಿಯಾಗಿ ಓದಿದ. "ಕಾರ್ಯದರ್ಶಿ. ಮಾರ್ಗದರ್ಶನ. ಕೊಟ್ಟದ್ದು, ನೂರ ನಲವತ್ತು ಗಂಟೆ." ಬೆರಳು ಪಕ್ಕಕ್ಕೆ ಸರಿಯಿತು. "ಪಡೆದದ್ದು. ನಲ್ಲಿ, ಟ್ಯಾಂಕು, ಮನೆಗೆ ಬಣ್ಣ, ಕಿಟಕಿ ಪರದೆ." ಆಮೇಲೆ ತಿರುಗಿ, ಜಗಳದ ಸುಳಿವೂ ಇಲ್ಲದೆ ಕೇಳಿದ. "ಸಾರ್, ಈ ಮಾರ್ಗದರ್ಶನ ಯಾರಿಗೆ ಮಾಡಿದ್ದು? ನನಗೆ ಒಂದು ಗಂಟೆನೂ ಬಂದಿಲ್ಲ, ಅದಕ್ಕೆ ಕೇಳಿದೆ."

ಯೋಚನೆ ಮಾಡುವುದೂ ಕೆಲಸವೇ, ಹೊರಗಿನಿಂದ ಕಾಣುವುದಿಲ್ಲ ಅಷ್ಟೆ ಎಂದರು ಕಾರ್ಯದರ್ಶಿಗಳು. ಪರದೆ ಹೊಲಿದಾಕೆ ಎದ್ದು ತನ್ನ ಹೆಸರಿನ ಮುಂದೆ ಏನು ಬರೆದಿದೆ ಓದಪ್ಪಾ ಎಂದಳು. ಬಣ್ಣ ಬಳಿದವನೂ ಎದ್ದ. ಸುಮಾರು ಜನಕ್ಕೆ ಓದು ಬರುವುದಿಲ್ಲ ಎಂಬುದು ಆ ದಿನ ನಮಗೆ ತಿಳಿಯಿತು. ಆದರೂ ಕೊನೆಗೆ ಸಭೆ ಮಾಡಿದ್ದೇನು? ಕಾರ್ಯದರ್ಶಿಗಳಿಗೆ ವಂದನಾ ನಿರ್ಣಯ ಅಂಗೀಕರಿಸಿ, ಅವರನ್ನೇ ಇನ್ನೊಂದು ವರ್ಷಕ್ಕೆ ಆರಿಸಿ ಎದ್ದುಹೋಯಿತು. ಮೆಟ್ಟಿಲು ಹತ್ತಿಸುವಾಗ ಕರಡಿಯಮ್ಮ ಬಹಳ ತೃಪ್ತಳಾಗಿದ್ದಳು. ಜನರ ಬಗ್ಗೆ ಆಕೆಗಿದ್ದ ಅಭಿಪ್ರಾಯ ಒಂದಕ್ಷರವೂ ತಪ್ಪಾಗಿರಲಿಲ್ಲ.

ನಲ್ಲಿಯವನು, ಹೊಲಿಗೆಯವಳು, ಬಣ್ಣದವನು ಹೋಗುವುದು ಬಿಟ್ಟಮೇಲೆ ಬ್ಯಾಂಕಿನಲ್ಲಿ ಮಾರ್ಗದರ್ಶನ, ಒಡನಾಟ, ಉಸಿರಾಟ ಇಷ್ಟೇ ಉಳಿದವು. ಮೂರು ತಿಂಗಳಲ್ಲಿ ಮುಚ್ಚಿತು. ಕಾರ್ಯದರ್ಶಿಗಳು ಈಗ ಮರಗಳನ್ನು ಪ್ರೀತಿಸುವವರ ಸಂಘಕ್ಕೆ ಕಾರ್ಯದರ್ಶಿ.

ಪ್ಲಂಬರ್ ಮೂರನೇ ಸಲಕ್ಕೆ ಪಾಸಾದ. "ನೂರಕ್ಕೆ ನಲವತ್ತೊಂದು. ನಾಚಿಕೆಗೇಡು" ಎಂದು ಬೈಸಿಕೊಂಡು, ಮರುದಿನ ಏಳೂವರೆಗೆ ಮತ್ತೆ ಬಂದು ಕೂತ. ಅವನ ಪಕ್ಕದಲ್ಲಿ ಈಗ ಹೊಲಿಗೆಯವಳು, ಬಣ್ಣದವನು, ಇನ್ನಿಬ್ಬರು. ಬರುವಾಗ ಯಾರೋ ಹಾಲು ತರುತ್ತಾರೆ, ಯಾರೋ ಔಷಧಿ ತರುತ್ತಾರೆ. ಯಾರೂ ಎಲ್ಲಿಯೂ ಬರೆದಿಡುವುದಿಲ್ಲ.

ಕಳೆದ ಭಾನುವಾರ ತಂಗಿಯ ಮಗಳು ಇದನ್ನೆಲ್ಲ ನೋಡಿ ಸಂತೋಷದಿಂದ, "ದೊಡ್ಡಮ್ಮಾ, ನೀವೇ ಒಂದು ಸಮುದಾಯ ಕಟ್ಟಿಬಿಟ್ರಲ್ಲ" ಎಂದಳು.

"ಸಮುದಾಯವಂತೆ. ಐದು ಜನಕ್ಕೆ ಓದಕ್ಕೆ ಬರಲ್ಲ, ಒಬ್ಬಳಿಗೆ ಮೆಟ್ಟಿಲು ಇಳಿಯಕ್ಕೆ ಬರಲ್ಲ. ಅಷ್ಟೆ. ಆ ಕಿಟಕಿ ತೆಗಿ, ಸೆಕೆ."

ಹುಡುಗಿ ಕಿಟಕಿ ತೆಗೆದಳು. ನಾನು ತಂದ ಹೂಕೋಸನ್ನು ಕರಡಿಯಮ್ಮ ತಿರುಗಿಸಿ ನೋಡಿ, ಬೈಯದೆ ಪಕ್ಕಕ್ಕಿಟ್ಟಳು.