ಹರಗೋಲಿಗೆ ಕಲ್ಲು ಹಾಕುವ ಮಾಳಪ್ಪ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮೆಣಸಗಿಯ ಹೊಳೆದಂಡೆಯಲ್ಲಿ ಮಾಳಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು, ಕರೆವ್ವನ ಹರಗೋಲಿನ ತೊಗಲಿಗೆ ಹೆಬ್ಬೆರಳಿನ ಉಗುರು ಒತ್ತುತ್ತಾನೆ. ಉಗುರಿನ ಗುರುತು ಮೂಡಿ ಹಾಗೇ ನಿಲ್ಲುತ್ತದೆ. ಒಣ ತೊಗಲಾದರೆ ನಿಲ್ಲುವುದಿಲ್ಲ. ಬಗ್ಗಿ ಮೂಸಿ ನೋಡುತ್ತಾನೆ.

“ಎಷ್ಟು ದಿನ ನೀರು ಕುಡಿಸೀಯವ್ವ?”

“ಮೂರು ದಿನ, ಕಾಕಾ,” ಎನ್ನುತ್ತಾಳೆ ಕರೆವ್ವ. ಇವನ ಮುಂದೆ ಸುಳ್ಳು ನಡೆಯುವುದಿಲ್ಲವೆಂದು ಅವಳಿಗೆ ಗೊತ್ತು.

ಹರಗೋಲನ್ನು ದಿನಗಟ್ಟಲೆ ನೆನೆಹಾಕುವುದಕ್ಕೆ ಇಲ್ಲಿ ನೀರು ಕುಡಿಸುವುದು ಎನ್ನುತ್ತಾರೆ. ಅದು ಮೋಸ. ಯಾಕೆ ಮೋಸವೆಂದು ತಿಳಿಯಬೇಕಾದರೆ ಈ ದಂಡೆಯ ಪದ್ಧತಿ ತಿಳಿಯಬೇಕು. ಪ್ರತಿ ಆಷಾಢದಲ್ಲಿ, ಮಲಪ್ರಭೆಗೆ ಕೆಂಪು ನೀರು ಬಂದ ವಾರದಲ್ಲಿ, ಊರಿನ ಮೂರು ಹರಗೋಲುಗಳನ್ನು ಪಂದ್ಯಕ್ಕೆ ಬಿಡುತ್ತಾರೆ. ಮೊದಲು ಆಚೆ ದಡ ಮುಟ್ಟಿದವರಿಗೆ ಮಳೆಗಾಲದ ಮೂರು ತಿಂಗಳು ಜನರನ್ನು ದಾಟಿಸುವ ಹಕ್ಕು. ಉಳಿದಿಬ್ಬರು ಹರಗೋಲು ಬೋರಲು ಹಾಕಿ ಕೂಲಿ ಹುಡುಕಬೇಕು. ನೀರಿಳಿದ ಮೇಲೆ ಜನ ನಡೆದೇ ದಾಟುತ್ತಾರೆ, ಆಗ ಹರಗೋಲು ಯಾರಿಗೆ ಬೇಕು? ಹೋದ ಚುನಾವಣೆಯಲ್ಲಿ ಸೇತುವೆಯ ಮಾತೊಂದು ಬಂದು ಹೋಯಿತು. ಹೋದ ಮಾಗಿಯಲ್ಲಿ ಜ್ವರದಿಂದ ಗಂಡ ತೀರಿಹೋದ ಕರೆವ್ವನಿಗೆ ವರ್ಷದ ಜೋಳ ಬರಬೇಕಾದದ್ದು ಈ ಮೂರು ತಿಂಗಳಿನಿಂದಲೇ.

ಮೊದಲು ಕಲ್ಲು ಇರಲಿಲ್ಲ. ಹೊಸ ತೊಗಲಿನ ಹರಗೋಲು ಹಗುರ, ಅದೇ ಗೆಲ್ಲುತ್ತಿತ್ತು. ಗೆದ್ದವನು ಮರುವರ್ಷ ಮತ್ತೆ ಹೊಸ ತೊಗಲು ಹೊದಿಸುತ್ತಿದ್ದ, ಮತ್ತೆ ಗೆಲ್ಲುತ್ತಿದ್ದ. ಹಳೆಯದು ಇದ್ದವನು ಹಳೆಯದರಲ್ಲೇ ಕೊಳೆಯುತ್ತಿದ್ದ. ಮಾಳಪ್ಪನೂ ಅಂಬಿಗನೇ, ಹೀಗೇ ಸೋತು ಸೋತು ಸಾಕಾದವನು. ಸೆಳವಿನಲ್ಲಿ ಹುಟ್ಟು ಹಾಕುವಾಗ ಬಲಭುಜ ಕಿತ್ತುಬಂದು ದಂಡೆಯಲ್ಲಿ ಕೂತ ಮೇಲೆ ಅವನಿಗೆ ಈ ವಿಚಾರ ಬಂತು: ಹಗುರವಾದದ್ದಕ್ಕೆ ಕಲ್ಲು ಹೇರಬೇಕು. ಒಂದು ಕಲ್ಲೆಂದರೆ ಒಬ್ಬ ಆಳಿನ ತೂಕ. ಪಂದ್ಯದ ದಿನ ನಸುಕಿನಲ್ಲಿ ಅವನು ಒಂದೊಂದೇ ಹರಗೋಲಿನಲ್ಲಿ ಕೂತು, ಎಷ್ಟು ಮುಳುಗುತ್ತದೆ ನೋಡುತ್ತಾನೆ. ಎಡಗೈಯಲ್ಲೇ ಹುಟ್ಟು ಹಾಕಿ, ಎಷ್ಟು ಜಾರುತ್ತದೆ ನೋಡುತ್ತಾನೆ. ಅದರ ಮೇಲೆ ಕಲ್ಲು ಗೊತ್ತು ಮಾಡುತ್ತಾನೆ. ಹಿರಿಯರು ಒಪ್ಪಿಕೊಂಡರು. ನ್ಯಾಯ ಬೇಕಾಗಿ ಒಪ್ಪಲಿಲ್ಲ. ಮೂರೂ ಒತ್ತೊತ್ತಾಗಿ ಬಂದರೆ ನೋಡಲು ಮಜಾ, ಅದಕ್ಕೆ.

ಈ ಕೆಲಸಕ್ಕೆ ಅವನು ಯಾರಿಂದಲೂ ಒಂದು ಹಿಡಿ ಜೋಳ ಮುಟ್ಟುವುದಿಲ್ಲ. ಪುಂಡಿನಾರಿನ ಹಗ್ಗ ಹೊಸೆದು ರೋಣದ ಸಂತೆಯಲ್ಲಿ ಮಾರುತ್ತಾನೆ. ಬೈಗಳು ಮಾತ್ರ ಧಾರಾಳ. ಕರೆವ್ವನದು ಬಿಟ್ಟರೆ ಉಳಿದ ಎರಡು ಹರಗೋಲು ಅರ್ಜುನಪ್ಪನದು ಮತ್ತು ಜಮಾಲಸಾಬನದು. ಜಮಾಲಸಾಬ ಇವತ್ತೂ ಮುಖಕ್ಕೇ ಹೇಳುತ್ತಾನೆ: “ನಿಂತ ನೀರಾಗ ಕಲ್ಲು ಭಾರ, ಖರೇ. ಸೆಳವಿನ್ಯಾಗ ಅದಾ ಕಲ್ಲು ಅರ್ಜುನಪ್ಪನ ಹರಗೋಲ ತಿರುಗಲಾರದಂಗ ಹಿಡಿದಿಡತೈತಿ. ಕಲ್ಲು ಕಡಿಮಿ ಇದ್ದ ನಂದು ಬುಗುರಿ ಆಗತೈತಿ. ಇದ್ಯಾವ ನ್ಯಾಯ, ಮಾಳಪ್ಪಣ್ಣ?”

ಮಾಳಪ್ಪ ವಾದಕ್ಕಿಳಿಯುವುದಿಲ್ಲ. “ಹೌದಪ್ಪ. ಹೊಳಿ ದಿನಕ್ಕೊಂದು ಪರಿ, ಕಲ್ಲು ಮಾತ್ರ ಅಷ್ಟಾ. ಇದಕ್ಕಿಂತ ಚಲೋ ದಾರಿ ನನಗ ತಿಳಿದಿಲ್ಲ.”

ಮುಂಬಯಿಯ ಕಡಲಲ್ಲಿ ಹಾಯಿದೋಣಿ ಓಡಿಸುವ ಸಿರಿವಂತರಲ್ಲೂ ಇಂಥ ಲೆಕ್ಕ ಇದೆಯಂತೆ. ದೋಣಿ ಅಳೆದು, ದೊಡ್ಡದು ಓಡಿದ ಹೊತ್ತಿಗೆ ಇನ್ನಷ್ಟು ಹೊತ್ತು ಕೂಡಿಸುತ್ತಾರಂತೆ, ಸಾಲದೆಂದು ಜಗಳವನ್ನೂ ಆಡುತ್ತಾರಂತೆ. ಆಡಲಿ. ಅಲ್ಲಿ ಸೋತವನು ಮನೆಗೆ ಹೋಗಿ ಉಣ್ಣುತ್ತಾನೆ.

ಈಗ ಕರೆವ್ವನ ಮಾತಿಗೆ ಬರೋಣ. ನೆನೆದ ತೊಗಲು ಭಾರವಾಗಿ ಹರಗೋಲು ತಗ್ಗಿ ಕೂರುತ್ತದೆ, ಕಲ್ಲು ಕಡಿಮೆ ಬೀಳುತ್ತದೆ. ಮಧ್ಯಾಹ್ನದೊಳಗೆ ಆಷಾಢದ ಗಾಳಿಗೆ ಒಣಗಿ ಮತ್ತೆ ಹಗುರಾಗುತ್ತದೆ. ಮೋಸವೆಂದರೆ ಇದು. ಹೋದ ವರ್ಷ ಅರ್ಜುನಪ್ಪ ಇದನ್ನೇ ಮಾಡಿ ಸಿಕ್ಕುಬಿದ್ದ. ದಂಡವೆಂದು ಮಾಳಪ್ಪ ಅವನಿಗೆ ಒಂದು ಕಲ್ಲು ಹೆಚ್ಚಿಗೆ ಹಾಕಿದ.

“ನೆನಸದಿದ್ರೂ ನಿನಗ ಕಲ್ಲು ಬೀಳ್ತಿರಲಿಲ್ಲಲ್ಲವ್ವ. ಇದು ಹಳೇದು.”

“ನನಗೇನು ಗೊತ್ತು, ಕಾಕಾ? ಅವ್ರಿದ್ದಾಗ ಎಲ್ಲಾ ಅವ್ರಾ ನೋಡ್ಕೋತಿದ್ರು. ಅಂಜಿಕಿ ಆತು.”

ಅಂಜಿಕೆಗೆ ಮಾಡಿದ್ದು ಅವಳಿಗೇ ತಿರುಗಿದೆ. ಹಳೆಯ ತೊಗಲು ಮೂರು ದಿನ ನೆನೆದು ಹೊಲಿಗೆ ಸಡಿಲಾಗಿದೆ. ಗಾಳಿಗೆ ತೊಗಲು ಒಣಗೀತು, ಸಡಿಲಾದ ಹೊಲಿಗೆ ಕೂಡಿಕೊಳ್ಳುವುದಿಲ್ಲ.

ಮಧ್ಯಾಹ್ನ ಊರೆಲ್ಲ ದಂಡೆಗೆ ಬರುತ್ತದೆ. ಊರ ಹಿರಿಯ ಅಂದಾನೆಪ್ಪಗೌಡರು ಕುರ್ಚಿ ಹಾಕಿಸಿಕೊಂಡು, ಆಳಿನಿಂದ ಕೊಡೆ ಹಿಡಿಸಿಕೊಂಡು ಕೂರುತ್ತಾರೆ. ಅರ್ಜುನಪ್ಪನದು ಹೊಚ್ಚ ಹೊಸ ತೊಗಲು, ಎರಡು ಕಲ್ಲು. ಜಮಾಲಸಾಬನಿಗೆ ಒಂದು. ಕರೆವ್ವನ ಹರಗೋಲು ಬರಿದು.

“ಅಕಿನ ಕಲ್ಲೆಲ್ಲಿ?” ಅರ್ಜುನಪ್ಪ ಒದರುತ್ತಾನೆ. “ನೀರು ಕುಡಿಸ್ಯಾಳ ಅಂತ ಊರಿಗೆಲ್ಲಾ ಗೊತ್ತೈತಿ. ಹೋದ ವರ್ಷ ನನಗ ಹಾಕಿದಿ. ಅಕಿಗೆ ಬಿಟ್ರ, ನಿನ್ನ ಕಲ್ಲೆಲ್ಲಾ ಹೊಳಿಗೆ ಒಗದು ಮನಿಗೆ ನಡಿ.”

ಮಾತು ಒರಟು, ಆದರೆ ಸುಳ್ಳಲ್ಲ. ಮಾಳಪ್ಪನಿಗೆ ಅದೇ ಸಂಕಟ.

“ಹಾಕ್ರೋ, ಬಿಡ್ರೋ, ಲಗೂ ಮುಗಸ್ರಿ,” ಎನ್ನುತ್ತಾರೆ ಗೌಡರು. “ಉಣ್ಣೂ ಹೊತ್ತಾತು.”

“ಹೊಲಿಗಿ ಬಾಯಿ ಬಿಟ್ಟಾವ್ರಿ ಗೌಡ್ರ,” ಎನ್ನುತ್ತಾನೆ ಮಾಳಪ್ಪ. “ನಡುಹೊಳ್ಯಾಗ ಮುಳುಗಿದ್ರ ಕಲ್ಲು ಅಕಿನ್ನ ಎತ್ತೂದಿಲ್ಲ. ಕಲ್ಲಿನ ಬದಲಿ ನಾ ಕುಂಡರತೀನಿ. ಈಜಾಕ ನನಗ ಒಂದು ಕೈ ಸಾಕು.”

ದಂಡೆ ನಗುತ್ತದೆ. “ಒಣಗಿದ ದಂಟಿನಂಗದೀಯಲ್ಲೊ. ಕಲ್ಲಿನಷ್ಟು ತೂಕ ಎಲ್ಲಿಂದ ತರ್ತಿ?” ಎಂದು ಅರ್ಜುನಪ್ಪ ಕೆಣಕುತ್ತಾನೆ. ಮಾಳಪ್ಪ ದಿಮ್ಮಿಯೊಂದರ ಮೇಲೆ ಹಲಗೆ ಅಡ್ಡ ಹಾಕಿ, ಒಂದು ತುದಿಗೆ ಕಲ್ಲು ಇರಿಸಿ, ಇನ್ನೊಂದು ತುದಿಗೆ ತಾನು ಕೂರುತ್ತಾನೆ. ಕಲ್ಲಿನ ಕಡೆಯೇ ಕೆಳಗೆ. ದಂಡೆಯಿಂದ ಗುಂಡುಕಲ್ಲೊಂದನ್ನು ತಂದು ತೊಡೆಯ ಮೇಲೆ ಇಟ್ಟುಕೊಂಡ ಮೇಲೆ ಹಲಗೆ ಸಮವಾಗುತ್ತದೆ. ಅದನ್ನು ಹಾಗೇ ಹಿಡಿದುಕೊಂಡು ಹೋಗಿ ಹರಗೋಲಿನಲ್ಲಿ ಕೂರುತ್ತಾನೆ. ಅರ್ಜುನಪ್ಪ ತನ್ನ ಹುಟ್ಟು ಎತ್ತಿಕೊಳ್ಳುತ್ತಾನೆ.

ನಡುಹೊಳೆಯ ತನಕ ಮೂರೂ ಜೊತೆಗೇ ಇವೆ. ಸೆಳವಿಗೆ ಸಿಕ್ಕು ಜಮಾಲಸಾಬನದು ತಿರುಗಿ ಹಿಂದೆ ಬೀಳುತ್ತದೆ. ಕರೆವ್ವ ಹಲ್ಲು ಕಚ್ಚಿ ಹುಟ್ಟು ಹಾಕುತ್ತಿದ್ದಾಳೆ, ಅರ್ಜುನಪ್ಪನಿಗಿಂತ ಒಂದು ಮೊಳ ಮುಂದೆಯೇ ಇದ್ದಾಳೆ. ಅಷ್ಟರಲ್ಲಿ ಹೊಲಿಗೆ ಬಿಟ್ಟು ಒಳಗೆ ನೀರು ಏರತೊಡಗುತ್ತದೆ. ಕೂತ ಮಾಳಪ್ಪನ ತೊಡೆಗೆ, ಆಮೇಲೆ ಸೊಂಟಕ್ಕೆ. ದಂಡೆಯಿಂದ ಹೆಂಗಸರು ಕೂಗುತ್ತಾರೆ: “ಮಾಳಪ್ಪ, ನೀರು ಚೆಲ್ಲೋ! ಕೈಲೆ ಚೆಲ್ಲೋ!” ಮಾಳಪ್ಪ ಅಲುಗಾಡುವುದಿಲ್ಲ. ಕರೆವ್ವ ತಿರುಗಿ ಅವನತ್ತ ನೋಡುವುದೂ ಇಲ್ಲ, ಚೆಲ್ಲು ಎನ್ನುವುದೂ ಇಲ್ಲ.

ಅರ್ಧ ಹರಗೋಲಿನಷ್ಟು ಅಂತರದಿಂದ ಅರ್ಜುನಪ್ಪ ಗೆಲ್ಲುತ್ತಾನೆ. ಕುರ್ಚಿ ಎತ್ತಿಕೊಂಡು ಆಳು ಮುಂದೆ, ಗೌಡರು ಹಿಂದೆ, ಊರು ಉಣ್ಣಲು ಹೋಗುತ್ತದೆ.

ಸಂಜೆ ಈಚೆ ದಂಡೆಗೆ ಬಂದು ಕರೆವ್ವ, ಮಾಳಪ್ಪ ಇಬ್ಬರೂ ಅವಳ ಹರಗೋಲನ್ನು ಬೋರಲು ಹಾಕುತ್ತಾರೆ. “ನಾಳಿಂದ ಕಳೆ ತಗ್ಯಾಕ ಜಕ್ಕಲಿಗೆ ಹೋಗ್ತೀನಿ, ಕಾಕಾ,” ಎನ್ನುತ್ತಾಳೆ ಕರೆವ್ವ. ಬುತ್ತಿಯ ಗಂಟು ಬಿಚ್ಚಿ, ಅರ್ಧ ರೊಟ್ಟಿ ಅವನ ಕೈಗಿಟ್ಟು ಹೋಗುತ್ತಾಳೆ.

ನಿನಗೇನು ಬೇಕು ಎಂದು ಕೇಳಿದರೆ ಮಾಳಪ್ಪನದು ಒಂದೇ ಮಾತು. “ತಿಂಗಳು ಮೂರು ಅದಾವ, ಹರಗೋಲ ಮೂರು ಅದಾವ. ಪಾಳಿ ಹಚ್ಚಿದ್ರ ಕಲ್ಲು ಯಾಕ ಬೇಕ್ರಿ? ಗೌಡ್ರಿಗೆ ಹೇಳಿದೆ. ಹಂಗಾದ್ರ ಪಂದ್ಯ ಎಲ್ಲಿ ಉಳೀತು ಅಂದ್ರು.”

ನೀರು ಏರುವಾಗ ಏನೂ ಅನಿಸಲಿಲ್ಲವೇ ಎಂದೂ ಕೇಳುತ್ತೇನೆ. ಮಾಳಪ್ಪ ರೊಟ್ಟಿಯನ್ನು ತಿನ್ನದೆ ಹಾಗೇ ಹಿಡಿದು ಕೂತಿದ್ದಾನೆ.

“ನಾಕು ಬೊಗಸಿ ಚೆಲ್ಲಿದ್ರ ಅಕಿ ಗೆಲ್ತಿದ್ಲ್ರಿ. ಆದ್ರ ಉಳಿದವ್ರ ಹರಗೋಲದಾಗ ಇದ್ದದ್ದು ಕಲ್ಲು. ಅವು ಚೆಲ್ಲಲಿಲ್ಲ. ನಡುವ ಒಮ್ಮಿ ನನ್ನ ಕೈ ತಾನಾಗೇ ಎದ್ದಿತ್ತು. ತೊಡಿಮ್ಯಾಲಿನ ಕಲ್ಲು ಗಟ್ಟ್ಯಾಗಿ ಹಿಡಕೊಂಡೆ.”