‘ಆತ್’ ಎಂಬ ಕೂಗು

ಮೊದಲು ನಾವು ನಾಲ್ವರು ನಿಲ್ಲುತ್ತಿದ್ದೆವು. ಬೆಳಗಾವಿಯ ನಮ್ಮ ಹೆಂಗಸರ ಫುಟ್‌ಬಾಲ್ ತಂಡದಲ್ಲಿ, ಗೋಲಿನ ಮುಂದೆ ಕಾಯುವ ಹಿಂದಿನ ಸಾಲಿನ ಎಡ ತುದಿ ನನ್ನದು. ಆಟದಿಂದ ಹೊಟ್ಟೆ ಹೊರೆಯುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಒಬ್ಬಳಿಗೆ ವಿಮಾ ಕಚೇರಿ, ಒಬ್ಬಳಿಗೆ ಔಷಧಿ ಅಂಗಡಿ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ದಿನವಿಡೀ ಮಾತಾಡುವ ಕೆಲಸ. ಸಂಜೆ ಆ ತುದಿಯಲ್ಲಿ ಬಾಯಿ ತೆರೆಯಬೇಕಾಗಿರಲಿಲ್ಲ. ಪಕ್ಕದವಳು ಮುಂದೆ ಹೋದರೆ ನಾನೂ ಹೋಗುತ್ತಿದ್ದೆ, ನಿಂತರೆ ನಿಲ್ಲುತ್ತಿದ್ದೆ. ಮಾತಿಲ್ಲದೆ ಜನರ ನಡುವೆ ಇರಲು ನನಗೆ ಬೇರೆ ಜಾಗವಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕೋಚ್ ಹಿಂದೆ ಮೂವರೇ ಸಾಕು ಎಂದರು. ಸೈನ್ಯದಿಂದ ನಿವೃತ್ತರಾದವರು, ಮೊಬೈಲಿನಲ್ಲಿ ಯಾವುದೋ ಆಟ ನೋಡಿ ಬಂದಿದ್ದರು. ನೀರಿನ ಬಾಟಲಿಗಳನ್ನು ನೆಲದ ಮೇಲೆ ನಿಲ್ಲಿಸಿ ಹೊಸ ವ್ಯೂಹ ತೋರಿಸಿದರು. ಹಿಂದಿನ ಸಾಲಿನ ನಾಲ್ಕನೇ ಬಾಟಲಿಯನ್ನು ಕೈಗೆತ್ತಿಕೊಂಡು, ಎಲ್ಲಿಡುವುದೆಂದು ಸ್ವಲ್ಪ ಹೊತ್ತು ಯೋಚಿಸಿ, ಮುಚ್ಚಳ ತೆಗೆದು ಕುಡಿದುಬಿಟ್ಟರು.

ನಾಲ್ವರಲ್ಲಿ ನಡುವೆ ನಿಲ್ಲುವವಳು ನಾಯಕಿ. ಬಲಕ್ಕಿದ್ದ ಔಷಧಿ ಅಂಗಡಿಯವಳು ಎಲ್ಲರಿಗಿಂತ ಎತ್ತರ, ಅವಳನ್ನು ಬಿಡುವಂತಿರಲಿಲ್ಲ. ಉಳಿದವರು ನಾನು ಮತ್ತು ನಾಯಕಿಯ ನಾದಿನಿ. ನಾದಿನಿ ಖಾನಾಪುರದ ಹುಡುಗಿ, ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಓಟದಲ್ಲಿ ನನಗಿಂತ ನಿಧಾನ. ಮೊದಲು ನಾನು ಎಡಕ್ಕೆ ನಿಲ್ಲಬೇಕು, ಖಾನಾಪುರದ ಪಂದ್ಯದಲ್ಲಿ ನೋಡೋಣ, ಸರಿಹೋಗದಿದ್ದರೆ ನಾದಿನಿ ನಿಲ್ಲುತ್ತಾಳೆ ಎಂದು ಕೋಚ್ ಎಲ್ಲರೆದುರೇ ಹೇಳಿದರು. ನಾದಿನಿ ತಲೆ ತಗ್ಗಿಸಿದಳು. ನಾಯಕಿ ತಗ್ಗಿಸಲಿಲ್ಲ.

ಮೂವರೇ ಇದ್ದರೆ ನಡುವೆ ಖಾಲಿ ಜಾಗ ಹೆಚ್ಚು. ಚೆಂಡು ಬಲಕ್ಕೆ ಹೋದಾಗ ಎಡದವಳು ಒಳಕ್ಕೆ ಬಂದು ಅದನ್ನು ಮುಚ್ಚಬೇಕು. ಯಾವಾಗ ಬರಬೇಕೆಂದು ನಾಯಕಿ ಕೂಗುತ್ತಾಳೆ. ಅವಳ ಮನೆಮಾತು ಮರಾಠಿ, ಅವಳು ಆರಿಸಿಕೊಂಡ ಕೂಗು ‘ಆತ್’. ಮರಾಠಿಯಲ್ಲಿ ಒಳಗೆ ಎಂದರ್ಥ.

ನನಗೂ ಮರಾಠಿ ಬರುತ್ತದೆ. ಬೆಳಗಾವಿಯ ಶಹಾಪುರದಲ್ಲಿ ಹುಟ್ಟಿ ಅದು ಬಾರದಿರುವುದು ಕಷ್ಟ. ಆದರೆ ನಮ್ಮದು ಮಗ್ಗದ ಮನೆ. ಪವರ್‌ಲೂಮಿನಲ್ಲಿ ಎಳೆ ಕಡಿದರೆ ಅಪ್ಪ ಆ ಒಂದು ಮಗ್ಗವನ್ನು ನಿಲ್ಲಿಸುತ್ತಿದ್ದ. ಅವ್ವ ಗಂಟು ಹಾಕಿ, ಉಳಿದ ಮಗ್ಗಗಳ ಸದ್ದಿನ ನಡುವೆ ‘ಆತು’ ಎಂದು ಕೂಗುತ್ತಿದ್ದಳು. ಕೂಗಿನಲ್ಲಿ ಕೊನೆಯ ಉಕಾರ ಉಳಿಯುವುದಿಲ್ಲ, ‘ಆತ್’ ಎಂದೇ ಕೇಳುತ್ತದೆ. ಆಯಿತು, ಮಗ್ಗ ಚಾಲೂ ಆಗುತ್ತದೆ, ಹತ್ತಿರವಿದ್ದವರು ದೂರ ಸರಿಯಿರಿ ಎಂಬುದು ಅದರ ಪೂರ್ತಿ ಅರ್ಥ. ಸರಿಯದಿದ್ದರೆ ಬೆರಳು ಹೋಗುತ್ತದೆ. ನಾನು ಅಕ್ಷರ ಕಲಿಯುವ ಮೊದಲೇ ಆ ಸದ್ದಿಗೆ ಹಿಂದೆ ಸರಿಯುವುದನ್ನು ಕಲಿತಿದ್ದೆ.

ಮೊದಲ ದಿನ ನಾಯಕಿ ಕೂಗಿದಾಗ ನಾನು ಹೊರಕ್ಕೆ ಸರಿದೆ. ಖಾಲಿ ಜಾಗದಿಂದ ಚೆಂಡು ಗೋಲಿಗೆ ಹೋಯಿತು. ಮತ್ತೆ ಕೂಗಿದಾಗಲೂ ಹಾಗೇ ಆಯಿತು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಮೇಡಂ, ಆತ್ ಅಂದ್ರ ಒಳಗ. ಪಾಠಾ ಹೇಳೋರಿಗೆ ನಾ ಏನ್ ಕಲಸ್ಲಿ?”

ಎಲ್ಲರೂ ನಕ್ಕರು. ಕೋಚ್ ಬಳಿ ಹೋಗಿ ಮಗ್ಗದ ವಿಷಯವನ್ನು ಆದಷ್ಟು ಚಿಕ್ಕದಾಗಿ ಹೇಳಿದೆ. ‘ಒಳಗ’ ಎಂದು ಕೂಗಿದರೆ ನನಗೆ ಗೊಂದಲವಾಗುವುದಿಲ್ಲ ಎಂದೆ.

“ಒಬ್ಬಾಕಿ ಸಲುವಾಗಿ ಮಾತ ಬದ್ಲ ಮಾಡಾಕ ಆಗೂದಿಲ್ಲ ತಂಗಿ,” ಎಂದರು. “ನೀನ ಬದ್ಲಾಗು.”

ನಾನು ಅವರಿಗೆ ಮಾತ್ರ ಹೇಳಿದ್ದು ಮರುದಿನವೇ ಎಲ್ಲರಿಗೂ ಗೊತ್ತಾಗಿತ್ತು. ನಾನು ಶೂ ಕಟ್ಟಿಕೊಳ್ಳುವಾಗ, ನಲ್ಲಿಯಲ್ಲಿ ನೀರು ಹಿಡಿಯುವಾಗ, ಹಿಂದಿನಿಂದ ಯಾರಾದರೂ ‘ಆತ್’ ಎನ್ನುತ್ತಿದ್ದರು. ಒಮ್ಮೆ ನಿಜಕ್ಕೂ ಬೆಚ್ಚಿ ಹಿಂದೆ ಸರಿದೆ. ಬಾಟಲಿ ಬಿತ್ತು. ಆ ವಾರವೆಲ್ಲ ಅವರಿಗೆ ಅದೇ ನಗು. ನಾದಿನಿ ಮಾತ್ರ ನಗುತ್ತಿರಲಿಲ್ಲ. ಅದು ಅವಳ ಒಳ್ಳೆಯತನವೋ ಎಚ್ಚರವೋ ನನಗೆ ತಿಳಿಯದು.

ನಾನು ಮನೆಯಲ್ಲಿ ಅಭ್ಯಾಸ ಮಾಡಿದೆ. ಅವ್ವ ‘ಆತ್’ ಎಂದಾಗಲೆಲ್ಲ ಬೇಕೆಂದೇ ಒಂದು ಹೆಜ್ಜೆ ಮಗ್ಗದ ಕಡೆ ಇಡುತ್ತಿದ್ದೆ. ಅವಳು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದು ಒಂದು ಏಟು ಕೊಟ್ಟಳು. “ಬೆರಳು ಬ್ಯಾಡಾಗ್ಯಾವೇನ ನಿನಗ?” ಮರುದಿನ ಮತ್ತೆ ಹೆಜ್ಜೆ ಇಟ್ಟೆ. ಪಂದ್ಯ ಹತ್ತಿರ ಬರುವಷ್ಟರಲ್ಲಿ ಕಾಲು ತಾನಾಗಿ ಮುಂದೆ ಹೋಗತೊಡಗಿತ್ತು.

ಖಾನಾಪುರದ ಮೈದಾನ ಕೆಂಪು ಮಣ್ಣಿನದು. ಜಾಂಬೋಟಿ ಕಡೆ ಇನ್ನೂ ಮೋಡವಿತ್ತು. ಗೆರೆಯಾಚೆ ಮರದ ಕೆಳಗೆ ನಾಯಕಿಯ ಅತ್ತೆ ಚಾಪೆ ಹಾಸಿ, ಡಬ್ಬಿಗಳನ್ನು ಇಟ್ಟುಕೊಂಡು ಕೂತಿದ್ದರು. ಸೊಸೆ ಆಡುತ್ತಿದ್ದಳು, ಮಗಳು ಅವರ ಪಕ್ಕದಲ್ಲೇ ಕೂತಿದ್ದಳು.

ಮೊದಲ ಅರ್ಧದಲ್ಲಿ ನಾಯಕಿ ಕೂಗಿದಾಗಲೆಲ್ಲ ನಾನು ಒಳಕ್ಕೆ ಹೋದೆ. ಒಂದು ಸಲವೂ ತಡವಾಗಲಿಲ್ಲ. ಕೋಚ್ ನನ್ನ ಕಡೆ ನೋಡಿ ಮೆಚ್ಚಿ ತಲೆಯಾಡಿಸಿದರು. ಅದನ್ನು ನಾಯಕಿಯೂ ನೋಡಿದಳು.

ಎರಡನೇ ಅರ್ಧದಲ್ಲಿ ಚೆಂಡು ನಡುವಿನಿಂದ ಬಂತು. ನಾಯಕಿ ಅದನ್ನು ಸಲೀಸಾಗಿ ಕಾಲಲ್ಲಿ ತಡೆದು ‘ಆತ್’ ಎಂದು ಕೂಗಿದಳು. ನಾನು ಒಳಕ್ಕೆ ಓಡಿದೆ. ನಾನು ಬಿಟ್ಟು ಬಂದ ಜಾಗಕ್ಕೆ ಅವಳು ಚೆಂಡನ್ನು ತಳ್ಳಿದಳು. ಅಲ್ಲಿ ಎದುರಾಳಿ ತಂಡದ ಹುಡುಗಿಯೊಬ್ಬಳೇ ಇದ್ದಳು. ಗೋಲಾಯಿತು.

ಕೋಚ್ ನಮ್ಮಿಬ್ಬರನ್ನೂ ಗೆರೆಯ ಬಳಿ ಕರೆದರು. ನಾಯಕಿ ಏದುಸಿರೂ ಬಿಡದೆ ಹೇಳಿದಳು: “ನಾ ಕನ್ನಡದಾಗ ಹೇಳಿದ್ನಿ ಸರ್. ಆತು, ಚೆಂಡ ನನ್ನ ಕಡೆ ಐತಿ, ನೀ ಅಲ್ಲೇ ಇರು ಅಂತ. ಮೇಡಂ ಮನ್ಯಾಗ ಹಂಗ ಅಂತಾರಲ್ರಿ.”

ಆಟ ನಡೆಯುವಾಗ ಅವಳು ಅದುವರೆಗೆ ಒಮ್ಮೆಯೂ ಕನ್ನಡದಲ್ಲಿ ಕೂಗಿರಲಿಲ್ಲ. ಅದನ್ನೇ ಹೇಳಿದೆ. ಕೋಚ್ ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು.

“ಆತ್ ಅಂದದ್ದು ಯಾವ ಭಾಷಾ ಅಂತ ನಾ ಹ್ಯಾಂಗ ಹೇಳ್ಲಿ? ಕುಂದ್ರು ತಂಗಿ.”

ನಾದಿನಿ ಆಗಲೇ ಎದ್ದು ನಿಂತಿದ್ದಳು. ಅವಳು ಬಿಟ್ಟ ಜಾಗದಲ್ಲಿ, ಚಾಪೆಯ ಮೇಲೆ, ನಾನು ಕೂತೆ. ಅತ್ತೆ ತಟ್ಟೆಗೆ ಅವಲಕ್ಕಿ ಹಾಕಿ ನನ್ನ ಕೈಗೆ ಕೊಟ್ಟು, ಬೆನ್ನು ಸವರಿದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ.

“ಛಲೋ ಆತ ಬಿಡವಾ. ಊರ ಮಂದಿ ಮುಂದ ನಮ್ಮ ಹುಡುಗಿ ಬರೇ ಕುಂತಿತ್ತು, ನನಗ ಜೀವಾ ಹಿಡಕೊಂಡಂಗ ಆಗಿತ್ತು.”

ಚೆಂಡು ಮತ್ತೆ ಬಲಕ್ಕೆ ಹೋಯಿತು. ನಾದಿನಿ ಎಡ ತುದಿಯಲ್ಲಿ ನಿಂತು ಅತ್ತಿಗೆಯ ಕಡೆ ನೋಡುತ್ತಿದ್ದಳು. ಇಬ್ಬರೂ ಒಂದೇ ಮನೆಯವರು, ಮನೆಯಲ್ಲಿ ಮರಾಠಿಯನ್ನೇ ಆಡುವವರು. ನಾಯಕಿ ಕೈಯೆತ್ತಿ, ಇಡೀ ಮೈದಾನಕ್ಕೆ ಕೇಳುವಂತೆ, ಅಚ್ಚ ಕನ್ನಡದಲ್ಲಿ ಕೂಗಿದಳು: “ಒಳಗ!”

ನಾದಿನಿ ಒಳಕ್ಕೆ ಹೋದಳು. ನಾನು ಕೋಚ್ ಕಡೆ ನೋಡಿದೆ. ಅವರಿಗೂ ಕೇಳಿಸಿತ್ತು. ಅವರು ಕೈಗಡಿಯಾರ ನೋಡಿಕೊಂಡರು.